ಹುಂಡುಕೋಳಿಯ ಮರಿಗಳೂ ಲೋಟದ ಇಡ್ಲಿಯೂ

ಈ ಸಲ ಕೃಷ್ಣಾಷ್ಟಮಿಗೆ ನಮ್ಮ ಮನೆಯಲ್ಲಿ ಇಡ್ಲಿ ಬೆಂದದ್ದು ಸ್ಟೀಲಿನ ಲೋಟದಲ್ಲಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಅದರ ಬಗ್ಗೆ ಒಂದಿಷ್ಟೂ ನಾಚಿಕೆ ಇಲ್ಲ. ನಮ್ಮೂರು ಇನ್ನಂಜೆಯಲ್ಲಿ ಹತ್ತು ಮನೆಯವರು ನನ್ನ ಬೆನ್ನ ಹಿಂದೆ ಆಡಿಕೊಂಡರು, ನಾಲ್ಕು ಮನೆಯವರು ಎದುರಿಗೇ ಆಡಿದರು. ಆಡಲಿ. ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯುವಾಗ ಒಂದು ಲೋಟದ ತಳದಲ್ಲಿ ಹಿಟ್ಟು ಒಣಗಿ ಕಟ್ಟಿದ ಬಿಳಿ ಉಂಗುರ ಸಿಕ್ಕಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಾಗ ಎಲ್ಲವೂ ಮತ್ತೆ ನೆನಪಾಯಿತು. ಕೇಳುವ ತಾಳ್ಮೆ ನಿಮಗಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುವವಳೇ.

ಅಷ್ಟಮಿಗೆ ಲೋಟದ ಇಡ್ಲಿ ಎಂದರೆ ಏನು ಅಪರಾಧ ಎಂದು ಘಟ್ಟದ ಮೇಲಿನವರಿಗೆ ಅನ್ನಿಸಬಹುದು. ನಮ್ಮಲ್ಲಿ ಅಷ್ಟಮಿಗೆ ಮೂಡೆ ಆಗಬೇಕು. ಕೇದಗೆಯ ಜಾತಿಯ ಒಂದು ಮುಳ್ಳುಗಿಡವನ್ನು ನಾವು ಮುಂಡೇವು ಎನ್ನುತ್ತೇವೆ. ಉದ್ದನೆಯ ಎಲೆ, ಎರಡು ಅಂಚಿಗೂ ನಡುನರಕ್ಕೂ ಸಾಲು ಮುಳ್ಳು. ಆ ಮುಳ್ಳು ಸೀಳಿ ತೆಗೆದು, ಎಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿ, ಕೊಳವೆಯ ಹಾಗೆ ಸುತ್ತಿ, ತೆಂಗಿನ ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಅದರೊಳಗೆ ಹಿಟ್ಟು ಹೊಯ್ದು ಬೇಯಿಸಿದ್ದು ಮೂಡೆ. ಅದರ ಪರಿಮಳ ಲೋಟಕ್ಕೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಸತ್ಯ ಒಪ್ಪುವುದಕ್ಕೂ ಸೋಲುವುದಕ್ಕೂ ವ್ಯತ್ಯಾಸ ಇದೆ.

ನಮ್ಮ ಮನೆಯ ಕೆಳಗೆ ಒಂದು ಕೆರೆ ಇದೆ. ಊರವರು ಮದಗ ಎನ್ನುತ್ತಾರೆ. ಅದರ ದಂಡೆ ಮಳೆಗಾಲದಲ್ಲಿ ಕುಸಿಯದಿರಲಿ ಎಂದು ನನ್ನ ಅಜ್ಜಿ ತಾನು ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಮುಂಡೇವು ನೆಟ್ಟಳಂತೆ. ಅದು ಹಬ್ಬಿ ಹಬ್ಬಿ ಆನೆ ಹೊಕ್ಕರೂ ಕಾಣದಂಥ ಪೊದೆಯಾಯಿತು. ಮದಗ ಊರಿನದು, ದಂಡೆಯೂ ಊರಿನದು, ಎಲೆಯೂ ಊರಿನದೇ. ಆದರೆ ನೆಟ್ಟ ಕೈಗೆ ಒಂದು ಮರ್ಯಾದೆ ಎಂದು ಊರವರು ಒಂದು ಕ್ರಮ ಇಟ್ಟುಕೊಂಡಿದ್ದರು. ಅಷ್ಟಮಿಗೆ ನಾಲ್ಕು ದಿನ ಇರುವಾಗ ನಮ್ಮ ಮನೆಯ ಹೆಂಗಸೊಬ್ಬಳು ಮೊದಲ ಎಲೆ ಕೊಯ್ಯಬೇಕು. ಆಮೇಲೆ ಉಳಿದವರು ಕತ್ತಿ ಹಾಕಬಹುದು. ಅಜ್ಜಿಯ ನಂತರ ಅಮ್ಮ ಕೊಯ್ದಳು, ಅಮ್ಮನ ನಂತರ ನಾನು. ಇಂಥ ಕ್ರಮಗಳನ್ನೆಲ್ಲ ತಮಾಷೆ ಮಾಡಿಕೊಂಡು ಬಂದವಳು ನಾನು. "ಎಲೆಗೂ ಒಂದು ಉದ್ಘಾಟನೆಯಾ?" ಎಂದು ನಗುತ್ತಲೇ ಪ್ರತಿವರ್ಷ ಕೊಯ್ಯುತ್ತಿದ್ದೆ. ಅದೇ ಕ್ರಮದ ಸೆರಗಿನ ಹಿಂದೆ ಒಂದು ದಿನ ನಾನೇ ಅಡಗಿಕೊಳ್ಳಬೇಕಾದೀತು ಎಂದು ಯಾರಿಗೆ ಗೊತ್ತಿತ್ತು!

ನನ್ನ ಪರಿಚಯವನ್ನೂ ಇಲ್ಲೇ ಮಾಡಿಕೊಡುವುದು ಒಳ್ಳೆಯದು. ಹೆಸರು ಸುಶೀಲ, ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಊರಿಗೆಲ್ಲ ನಾನು ಡ್ರಿಲ್ ಟೀಚರ್. ಮೂವತ್ತಾರು ವರ್ಷ ಮಕ್ಕಳಿಗೆ ಸಾವ್ಧಾನ್, ವಿಶ್ರಾಮ್ ಹೇಳಿ ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ತಮ್ಮ ಸದಾನಂದ, ಅವನ ಹೆಂಡತಿ ವಾರಿಜ, ಅವರ ಜೊತೆ ನಾನು. ನನ್ನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಡ್ರಿಲ್ ಟೀಚರಿಗೆ ಇದು ಸಾಲುವ ಎತ್ತರವಲ್ಲ ಎಂದು ನನಗೂ ಗೊತ್ತು. ಎಂಟನೆಯ ಕ್ಲಾಸಿನ ಸಾಲಿನ ಎದುರು ನಿಂತರೆ ನಾನು ಹಿಂದಿನವರಿಗೆ ಕಾಣುತ್ತಿರಲಿಲ್ಲ, ನನ್ನ ಸೀಟಿ ಮಾತ್ರ ಕೇಳುತ್ತಿತ್ತು. ಸಾಕು, ಕೇಳಿದರೆ ಸಾಕು.

ನಮ್ಮ ಚಾವಡಿಯ ಬಾಗಿಲಿನ ದಾರಂದದಲ್ಲಿ ಅಪ್ಪ ಪೆನ್ಸಿಲಿನಿಂದ ನಮ್ಮ ಎತ್ತರದ ಗೆರೆ ಹಾಕುತ್ತಿದ್ದರು. ತಮ್ಮನ ಗೆರೆಗಳು ಏಣಿಯ ಮೆಟ್ಟಿಲುಗಳ ಹಾಗೆ ಮೇಲೆ ಹೋದವು. ನನ್ನವು ಒಂದು ಕಡೆ ಬಂದು ಒಂದರ ಮೇಲೊಂದು ಬಿದ್ದು ದಪ್ಪ ಗೆರೆಯಾಗಿ ನಿಂತವು. ಬೆಳೆದದ್ದು ನನ್ನ ಕಾಲು ಮಾತ್ರ. ಹನ್ನೆರಡು ವರ್ಷಕ್ಕೇ ಅಪ್ಪನ ಚಪ್ಪಲಿ ನನಗೆ ಸರಿಯಾಗುತ್ತಿತ್ತು. ಬಂದ ನೆಂಟರೆಲ್ಲ ಮೊದಲು ನನ್ನ ಕಾಲು ನೋಡಿ, ಆಮೇಲೆ ಮೇಲೆ ನೋಡಲು ಏನೂ ಸಿಗದೆ ತಬ್ಬಿಬ್ಬಾಗುತ್ತಿದ್ದರು. ನಾನು ಅತ್ತರೆ ಅಜ್ಜಿ ಮದಗದ ಕಡೆ ಕೈ ತೋರಿಸಿ ಹೇಳುತ್ತಿದ್ದಳು, "ಕುಂಡಕೋರಿಯ ಮರಿಯನ್ನು ನೋಡು ಮಗಾ. ಅದಕ್ಕೂ ಮೊದಲು ಕಾಲೇ ಬೆಳೆಯುವುದು. ಉಳಿದದ್ದು ಹಿಂದಿನಿಂದ ಬರ್ತದೆ."

ಕುಂಡಕೋರಿ ಎಂದರೆ ಹುಂಡುಕೋಳಿ. ಬಿಳಿ ಮುಖ, ಬಿಳಿ ಎದೆ, ಬಾಲದ ಕೆಳಗೆ ಇಟ್ಟಿಗೆ ಕೆಂಪು, ನಡೆಯುವಾಗ ಬಾಲ ಎತ್ತಿ ಎತ್ತಿ ಆಡಿಸುವ ನೀರುಹಕ್ಕಿ. ಮಳೆ ಹಿಡಿದರೆ ಇಡೀ ದಿನ ಗಂಟಲು ಹರಿಯುವಂತೆ ಕೂಗುವುದೂ ಅದೇ. ಅಜ್ಜಿಯ ಮಾತು ನಂಬಿ ನಾನು ಉಳಿದದ್ದಕ್ಕಾಗಿ ಬಹಳ ವರ್ಷ ಕಾದೆ.

ಇಲ್ಲಿ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನನಗೆ ಒಂಬತ್ತು ವರ್ಷ ಇದ್ದಾಗ ಮದಗದ ದಂಡೆಯಲ್ಲಿ ಹುಂಡುಕೋಳಿಯ ಒಂದು ಮರಿ ಸಿಕ್ಕಿತು. ಕಪ್ಪು ಹತ್ತಿಯ ಉಂಡೆಗೆ ಎರಡು ಕಡ್ಡಿ ಸಿಕ್ಕಿಸಿದ ಹಾಗೆ ಇತ್ತು. ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಮನೆಗೆ ತಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟೆ. ತಾಯಿ ಎಲ್ಲೂ ಹೋಗಿರಲಿಲ್ಲ, ಪೊದೆಯೊಳಗೆ ನಿಂತು ನನ್ನನ್ನು ಬೈಯುತ್ತಲೇ ಇತ್ತು. ಆ ಬೈಗುಳ ನನಗೆ ಅರ್ಥವಾಗಲಿಲ್ಲ. ಮರಿಗೆ ಏನು ಕೊಡುವುದು? ನಮ್ಮ ಊರಿನಲ್ಲಿ ಜ್ವರಕ್ಕೂ ಗಂಜಿ, ಬಾಣಂತಿಗೂ ಗಂಜಿ, ದುಃಖಕ್ಕೂ ಗಂಜಿ. ನಾನು ಕುಚ್ಚಲಕ್ಕಿ ಗಂಜಿಯನ್ನು ಕಿವುಚಿ, ಒಂದು ಹರಳು ಉಪ್ಪು ಹಾಕಿ, ಚಮಚದಲ್ಲಿ ಹಿಡಿದೆ. ಬಾಯಿ ಬಿಡದಾಗ ಬಿಡಿಸಿ ಹಾಕಿದೆ. ಹುಳ ತಿಂದು ಬೆಳೆಯಬೇಕಾದ ಜೀವ ಅದು. ಎರಡನೆಯ ದಿನ ಮಧ್ಯಾಹ್ನ ಡಬ್ಬದ ಮೂಲೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ದೇಹಕ್ಕಿಂತ ಕಾಲೇ ಉದ್ದ ಇತ್ತು. ಉಳಿದದ್ದು ಬರುವುದಕ್ಕೆ ನಾನು ಬಿಡಲಿಲ್ಲ. ಈ ಸಂಕಟ ಐವತ್ತೆರಡು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಈಗಲೂ ಗಂಜಿಯ ತಟ್ಟೆ ಎದುರಿಗೆ ಬಂದರೆ ಮೊದಲ ಚಮಚ ಎತ್ತುವಾಗ ಒಮ್ಮೆ ಅದು ಕಣ್ಣ ಮುಂದೆ ಬರುತ್ತದೆ.

ಈ ವರ್ಷ ನಮ್ಮ ಜಡಿಮಳೆಯ ತಿಂಗಳಾದ ಆಟಿಯ ನಡುವಿಗೆ, ಒಂದು ದಿನ ಮಳೆ ಸ್ವಲ್ಪ ಬಿಟ್ಟಾಗ, ಮುಂಡೇವಿನ ಬುಡದಿಂದ ಆರು ಕಪ್ಪು ಉಂಡೆಗಳು ಸಾಲಾಗಿ ಹೊರಬಂದವು. ಮುಂದೆ ತಾಯಿ, ಹಿಂದೆ ತಂದೆ. ನಾನು ಬಟ್ಟೆ ಒಣಗಿಸಲು ಹೋದವಳು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕಾಲು ಗಂಟೆ ನಿಂತೆ. ಈ ಸಲ ಮುಟ್ಟುವುದಿಲ್ಲ, ತರುವುದಿಲ್ಲ, ಗಂಜಿ ಕೊಡುವುದಂತೂ ಇಲ್ಲವೇ ಇಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ನೋಡುವುದು ಮಾತ್ರ. ಇವುಗಳಿಗೆ ರೆಕ್ಕೆ ಬರುವವರೆಗೆ ನೋಡಿಯೇ ನೋಡುತ್ತೇನೆ.

ನೋಡುವುದು ನನ್ನ ಹಳೆಯ ಕಸುಬು. ಶಾಲೆಯಲ್ಲಿ ಪ್ರತಿ ಜೂನಿನಲ್ಲಿ ಮಕ್ಕಳ ಎತ್ತರ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಹುಡುಗಿಯರು ಜಡೆಯ ಗಂಟನ್ನು ನೆತ್ತಿಗೆ ಕಟ್ಟಿಕೊಂಡು ಬರುತ್ತಿದ್ದರು. ಹುಡುಗರು ಹಿಮ್ಮಡಿ ಎತ್ತುತ್ತಿದ್ದರು. ಶೇಖರ ಎಂಬ ಒಬ್ಬನಂತೂ ಗೋಡೆಗೆ ಬೆನ್ನು ಕೊಟ್ಟು, ಮೇಲೆ ಹೆಂಚಿನ ಮಾಡು ನೋಡುತ್ತ, ಏನೂ ಅರಿಯದವನ ಹಾಗೆ ತುದಿಗಾಲಲ್ಲಿ ನಿಲ್ಲುತ್ತಿದ್ದ. ನಾನು ಕಂಡರೂ ಕಾಣದವಳ ಹಾಗೆ ಒಂದು ಬೆರಳು ಜಾಸ್ತಿಯೇ ಬರೆಯುತ್ತಿದ್ದೆ. ಗಿಡ್ಡ ಮಕ್ಕಳ ವಿಷಯದಲ್ಲಿ ನಾನು ಎಂದೂ ಪ್ರಾಮಾಣಿಕಳಾಗಿರಲಿಲ್ಲ, ಅದಕ್ಕೂ ನನಗೆ ನಾಚಿಕೆ ಇಲ್ಲ.

ಮರಿಗಳು ಬೆಳೆದದ್ದು ಹೀಗೆ. ಮೊದಲ ಕೆಲವು ದಿನ ತಾಯಿತಂದೆ ಕೊಕ್ಕಿನಲ್ಲಿ ಹುಳ ಹಿಡಿದು ಮುಂದೆ ಚಾಚಿದರೆ ಕಿತ್ತುಕೊಂಡು ತಿಂದವು. ವಾರ ಕಳೆಯುವಾಗ ತಾವೇ ಕುಕ್ಕತೊಡಗಿದವು. ಬಾಲ ಎಂಬುದು ಇನ್ನೂ ಹುಟ್ಟಿರಲೇ ಇಲ್ಲ, ಆದರೂ ಅಪ್ಪ ಅಮ್ಮನ ಹಾಗೆ ಹಿಂಬದಿ ಎತ್ತಿ ಎತ್ತಿ ಆಡಿಸುವ ಗತ್ತು ಬಂದಾಗಿತ್ತು. ಎರಡನೆಯ ವಾರದಲ್ಲಿ ಕಾಲು ಬೆಳೆಯತೊಡಗಿತು ನೋಡಿ, ನಿಲ್ಲಲೇ ಇಲ್ಲ. ಉದ್ದುದ್ದ ಬೆರಳು, ಕೆಸರಿನಲ್ಲಿ ಹೂತುಹೋಗದ ಪಾದ. ಮೂರನೆಯ ವಾರಕ್ಕೆ ಕಪ್ಪು ತುಪ್ಪಳ ಅಲ್ಲಲ್ಲಿ ಉದುರಿ, ಹಳೆಯ ಸ್ವೆಟರಿನ ಹಾಗೆ ತೇಪೆ ತೇಪೆಯಾಗಿ, ಕೆಳಗಿನಿಂದ ಕಂದು ಬೂದು ಗರಿ ಇಣುಕಿತು. ಆದರೆ ರೆಕ್ಕೆ? ಹೆಬ್ಬೆರಳಿನಷ್ಟು ಮೋಟು. ಓಡುವಾಗ ಅದನ್ನು ಬೀಸುತ್ತಿದ್ದವು, ಬೀಸಿದ್ದಕ್ಕೂ ಓಟಕ್ಕೂ ಏನೂ ಸಂಬಂಧ ಇರುತ್ತಿರಲಿಲ್ಲ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ.

ಆರು ಇದ್ದದ್ದು ಮೂರಾಯಿತು. ಎರಡನ್ನು ಕೆಂಬೂತ ಹೊತ್ತುಕೊಂಡು ಹೋಯಿತು, ಒಂದನ್ನು ಕೇರೆಹಾವು. ಅದು ಅವುಗಳ ಹೊಟ್ಟೆಪಾಡು, ನನಗೆ ಜಗಳ ಇಲ್ಲ. ಉಳಿದ ಮೂರರಲ್ಲಿ ಎರಡು ಗಟ್ಟಿ. ಮೂರನೆಯದು ಎಲ್ಲದರಲ್ಲೂ ಹಿಂದೆ. ಅಣ್ಣಂದಿರಿಗೆ ಎದೆ ಬೆಳ್ಳಗಾಗುವಾಗ ಇದು ಇನ್ನೂ ಕರಿ ಉಂಡೆ, ಕಾಲು ಮಾತ್ರ ಅವುಗಳದ್ದಕ್ಕಿಂತ ಉದ್ದ. ಅದನ್ನು ನೋಡಿದಾಗ ನನಗೆ ಯಾರ ನೆನಪಾಯಿತು ಎಂದು ಹೇಳಬೇಕಾಗಿಲ್ಲ ತಾನೆ? ಸಣ್ಣ ಸದ್ದಾದರೂ ಅದು ಮುಂಡೇವಿನ ಬುಡಕ್ಕೆ ಓಡಿ ಬಚ್ಚಿಟ್ಟುಕೊಳ್ಳುತ್ತಿತ್ತು. ಅದಕ್ಕೆ ಇದ್ದ ಮನೆ, ಕೋಟೆ ಎಲ್ಲವೂ ಆ ಮುಳ್ಳಿನ ಪೊದೆ.

ಅಷ್ಟರಲ್ಲಿ ಊರಿನಲ್ಲಿ ಮದಗಕ್ಕೆ ಒಂದು ಸಮಿತಿಯಾಯಿತು. ಅಧ್ಯಕ್ಷ ಯಾರು? ತುದಿಗಾಲಿನ ಶೇಖರ. ಈಗ ಐವತ್ತರ ಹತ್ತಿರ, ಉಚ್ಚಿಲದಲ್ಲಿ ಹಾರ್ಡ್‌ವೇರ್ ಅಂಗಡಿ. ಕೆಟ್ಟವನಲ್ಲ, ಕಷ್ಟಕ್ಕೆ ಓಡಿ ಬರುವವನು. ದಂಡೆಯ ಸುತ್ತ ಇಂಟರ್‌ಲಾಕ್ ಹಾಕಿಸಿ ವಾಕಿಂಗಿಗೆ ದಾರಿ ಮಾಡಿಸಬೇಕು ಎಂದು ಅವನ ಆಸೆ. ಅದಕ್ಕೆ ಪೊದೆ ಹೋಗಬೇಕು. ಎಲ್ಲರಿಗೂ ಅನುಕೂಲವಾಗಲೆಂದು ಅವನೇ ಉಪಾಯ ಹುಡುಕಿದ. ಅಷ್ಟಮಿಗೆ ಮೊದಲು ಎಲೆ ಕೊಯ್ಯುವ ದಿನ ಬೆಳಿಗ್ಗೆ ಊರವರು ಬೇಕಾದಷ್ಟು ಎಲೆ ತೆಗೆದುಕೊಳ್ಳಲಿ, ಆದ ಕೂಡಲೇ ಜೆಸಿಬಿ ಬುಡ ಕಿತ್ತು ಹಾಕಲಿ. ಆ ದಿನಕ್ಕೆ ಮರಿಗಳಿಗೆ ಐದು ವಾರವಾಗುತ್ತಿತ್ತು. ಹಾರುವುದಕ್ಕೆ ಇನ್ನೂ ಎರಡು ಮೂರು ವಾರ ಬೇಕು.

ನಾನು ಅವನ ಅಂಗಡಿಗೆ ಹೋಗಿ ಮೂರು ವಾರ ಮುಂದೆ ಹಾಕು ಎಂದೆ.

"ಎಂತ ಟೀಚರ್, ಕುಂಡಕೋರಿಗೆಲ್ಲ ಕಾದರೆ ಆಗ್ತದಾ?" ಎಂದು ನಕ್ಕ. "ದಾರಿ ಆದರೆ ನಿಮಗೇ ಒಳ್ಳೆಯದು. ನಿಮ್ಮ ಗಂಟುನೋವಿಗೆ ಸಮ ನೆಲದಲ್ಲಿ ನಡೆಯಬಹುದು."

"ನನ್ನ ಗಂಟು ಮಣಿಪಾಲದ ಡಾಕ್ಟರು ನೋಡಿಕೊಳ್ತಾರೆ. ನೀನು ಪೊದೆ ಬಿಡು."

ಅವನು ಚಹಾ ತರಿಸಿದ, ಮಾತು ಬದಲಿಸಿದ. ಆಗ ನನಗೆ ಅಜ್ಜಿಯ ಕ್ರಮ ನೆನಪಾಯಿತು. ಮನೆಗೆ ಬಂದು ವಾರಿಜಳಿಗೆ ಹೇಳಿದೆ, "ಈ ವರ್ಷ ನಾನು ಮೊದಲ ಎಲೆ ಕೊಯ್ಯುವುದಿಲ್ಲ."

ವಾರಿಜ ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಕೆಳಗಿಟ್ಟಳು. ಮೂಡೆ ಎಂದರೆ ಅವಳ ಪ್ರಾಣ. ಅವಳು ಸುತ್ತಿದ ಮೂಡೆಯಿಂದ ಒಂದು ಹನಿ ಹಿಟ್ಟು ಸೋರುವುದಿಲ್ಲ. ನೆರೆಕರೆಯ ಏಳೆಂಟು ಮನೆಗೆ ಅವಳದೇ ಕೈಯ ಕೊಟ್ಟೆ, ಎಂದರೆ ಸುತ್ತಿದ ಎಲೆಯ ಕೊಳವೆ, ಹೋಗುತ್ತದೆ. ವರ್ಷವಿಡೀ ಯಾರೂ ಹೊಗಳದ ಹೆಂಗಸನ್ನು ಆ ಒಂದು ದಿನ ಊರೇ ಹೊಗಳುತ್ತದೆ.

"ಎಂತ ಅಕ್ಕ ನೀವು ಹೇಳುವುದು? ಹಬ್ಬಕ್ಕೆ ಮೂಡೆ ಬೇಡವಾ?"

"ಲೋಟದಲ್ಲಿ ಮಾಡುವ."

"ನಿಮಗೆ ಹಕ್ಕಿ ಮರಿ ದೊಡ್ಡದಾಯ್ತು," ಎಂದಳು ಅವಳು. "ನನ್ನ ಹಬ್ಬ ಯಾರಿಗೂ ಲೆಕ್ಕಕ್ಕಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಲ್ಲಿಂದ ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಮೀನು ತೊಳೆದ ನೀರನ್ನು ಯಾವಾಗಲೂ ತೆಂಗಿನ ಬುಡಕ್ಕೆ ಹೊಯ್ಯುವವಳು, ಕೆಲವು ವಾರಗಳಿಂದ ಮದಗದ ದಂಡೆಯವರೆಗೆ ಹೋಗಿ ಹೊಯ್ದು ಬರುತ್ತಿದ್ದಳು. ಇಷ್ಟು ದಿನ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ, ಈಗ ನನ್ನ ಮುಖ ಕಾಣುವುದು ಬೇಡವೆಂದು ಅಷ್ಟು ದೂರ ಹೋಗುತ್ತಾಳೆ ಎಂದೇ ತಿಳಿದೆ.

ಆ ದಿನ ಬೆಳಿಗ್ಗೆ ದಂಡೆಯಲ್ಲಿ ಇಪ್ಪತ್ತು ಮೂವತ್ತು ಜನ ಕತ್ತಿ, ಗೋಣಿ ಹಿಡಿದು ನಿಂತಿದ್ದರು. ಕಾರ್ಕಳದಿಂದ ಬಂದ ಜೆಸಿಬಿ ಹಳದಿ ಕೈ ಮಡಚಿಕೊಂಡು ಬದಿಯಲ್ಲಿ ಗುರುಗುಡುತ್ತಿತ್ತು. ನಾನು ಪೊದೆಗೆ ಬೆನ್ನು ಕೊಟ್ಟು ನಿಂತೆ. ಬಹಳ ಹೊತ್ತು ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದರು, ಎಷ್ಟು ಹೊತ್ತು ಎಂದು ಸರಿಯಾಗಿ ಹೇಳಿರಲಿಲ್ಲ.

"ಟೀಚರ್, ಒಂದೇ ಒಂದು ಎಲೆ. ಕೊಯ್ದುಬಿಡಿ, ಮುಗೀತಲ್ಲ," ಎಂದ ಶೇಖರ.

"ಕೊಯ್ಯುವುದಿಲ್ಲ. ಮರಿಗಳಿಗೆ ರೆಕ್ಕೆ ಬಂದಿಲ್ಲ."

ಯಾರೋ ಕಿಸಕ್ಕೆಂದು ನಕ್ಕರು. "ರೆಕ್ಕೆ ಇಲ್ಲದಿದ್ದರೆ ಕಾಲು ಉಂಟಲ್ಲ ಟೀಚರ್, ಓಡ್ತದೆ ಅದು."

"ಎಲ್ಲಿಗೆ ಓಡುವುದು ಮಾರಾಯ? ಒಂದು ಬದಿ ರಸ್ತೆ. ಎರಡು ಬದಿ ಕಂಪೌಂಡು. ಆಚೆ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದು ಮಣ್ಣು ತುಂಬಿಸಿ ಆಯ್ತು. ಅಡಗಲಿಕ್ಕೆ ಒಂದು ಹುಲ್ಲು ಕಡ್ಡಿಯಾದರೂ ಬಿಟ್ಟಿದ್ದೀರಾ ನೀವು?"

ಶೇಖರ ಜೆಸಿಬಿಯ ಕಡೆ ಕೈ ಬೀಸಿದ. ಅದು ಒಂದು ಗಾಲಿಯಷ್ಟು ಮುಂದೆ ಬಂತು. ಬೀಗದ ಕೈಗೊಂಚಲಿನಲ್ಲಿ ನನ್ನ ಹಳೆಯ ಸೀಟಿ ಈಗಲೂ ಇದೆ. ತೆಗೆದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ಉದ್ದಕ್ಕೆ ಒಮ್ಮೆ ಊದಿದೆ. ಜೆಸಿಬಿ ನಿಂತಿತು. ಶೇಖರನ ಹಿಮ್ಮಡಿಗಳು ಟಪ್ಪೆಂದು ಒಂದಕ್ಕೊಂದು ಸೇರಿದವು. ಐವತ್ತರ ಗಂಡಸು ಸಾವ್ಧಾನದಲ್ಲಿ ನಿಂತಿದ್ದ. ಅವನಿಗೇ ಅದು ಗೊತ್ತಾಗಿ ಮುಖ ಕೆಂಪಾಯಿತು. ಜನ ನಕ್ಕರು, ಈ ಸಲ ನನ್ನನ್ನು ನೋಡಿ ಅಲ್ಲ.

ಅವಮಾನವಾದ ಮನುಷ್ಯ ಸುಮ್ಮನೆ ಬಿಡುತ್ತಾನೆಯೇ? "ನೀವೇ ಕೊಯ್ಯಬೇಕು ಅಂತ ಎಲ್ಲಿ ಉಂಟು? ಆ ಮನೆಯ ಹೆಂಗಸು ಅಂತ ಅಲ್ವಾ ಕ್ರಮ ಇರುವುದು?" ಎಂದು ಜನರ ನಡುವೆ ನೋಡಿದ. ವಾರಿಜ ಹಿಂದೆ ನಿಂತಿದ್ದಳು, ಕೈಯಲ್ಲಿ ನಮ್ಮ ಮನೆಯ ಕತ್ತಿ. "ವಾರಿಜಕ್ಕ, ನೀವು ಬನ್ನಿ. ಊರಿನ ಹಬ್ಬ ಇದು."

ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಅವಳು ಕೊಯ್ದರೆ ನಾನು ಏನು ಹೇಳುವುದು? ಅದು ನನಗೆಷ್ಟು ಮನೆಯೋ ಅವಳಿಗೂ ಅಷ್ಟೇ ಮನೆ. ವಾರಿಜ ಮುಂದೆ ಬಂದಳು. ನನ್ನ ಮುಖ ನೋಡಲಿಲ್ಲ. ಪೊದೆಯ ಹತ್ತಿರ ಬಗ್ಗಿ ಒಂದು ಎಲೆ ಹಿಡಿದಳು. ಅಷ್ಟರಲ್ಲಿ ಬುಡದಿಂದ ಆ ಹಿಂದುಳಿದ ಮರಿ ಹೊರಗೆ ಬಂದು, ಇಷ್ಟು ಜನ ನಿಂತಿದ್ದರೂ ಹೆದರದೆ, ಅವಳ ಕಾಲ ಬುಡದಲ್ಲಿ ಏನೋ ಹುಡುಕತೊಡಗಿತು. ಮೀನು ತೊಳೆದ ನೀರು ಯಾರಿಗಾಗಿ ದಂಡೆಯವರೆಗೆ ಬರುತ್ತಿತ್ತು ಎಂದು ನನಗೆ ಆಗ ತಿಳಿಯಿತು.

ವಾರಿಜ ಎಲೆ ಬಿಟ್ಟಳು. ಕತ್ತಿಯ ಬಾಯಿಗೆ ಹೆಬ್ಬೆರಳು ಆಡಿಸಿ, "ಇದಕ್ಕೆ ಹರಿತ ಇಲ್ಲ ಮಾರಾಯ್ರೆ," ಎಂದಳು. "ಸಾಣೆಗೆ ಕೊಡಬೇಕು. ಇನ್ನು ಮೂರು ವಾರ ಹೋಗಲಿ."

"ನನ್ನ ಕತ್ತಿ ಕೊಡ್ತೇನೆ," ಎಂದರು ಯಾರೋ.

"ಬೇರೆ ಮನೆಯ ಕತ್ತಿಯಲ್ಲಿ ಮೊದಲ ಎಲೆ ಕೊಯ್ಯುವ ಕ್ರಮ ಇಲ್ಲ." ಅವಳು ಈಗ ಸೊಂಟಕ್ಕೆ ಕೈ ಇಟ್ಟು ಶೇಖರನನ್ನೇ ನೋಡಿದಳು. "ಲೋಟದ ಇಡ್ಲಿ ತಿಂದು ಸತ್ತವರನ್ನು ನಾನು ಕಂಡಿಲ್ಲ. ನೀನು ಕಂಡಿದ್ದೀಯಾ ಶೇಖರ?"

ಆ ಕತ್ತಿಯನ್ನು ಹಿಂದಿನ ದಿನ ಸಂಜೆ ಅವಳೇ ಕಲ್ಲಿಗೆ ಉಜ್ಜಿ ಮಸೆದಿದ್ದಳು. ಅದರ ಸದ್ದು ಕೇಳಿಯೇ ನನಗೆ ಅನ್ನ ಸೇರಿರಲಿಲ್ಲ.

ಜೆಸಿಬಿಯ ಡ್ರೈವರ್ ತಲೆ ಹೊರಗೆ ಹಾಕಿ, "ನಿಮ್ಮದು ಮುಗಿಯುವ ಲಕ್ಷಣ ಕಾಣುವುದಿಲ್ಲ. ನನಗೆ ಕಾರ್ಕಳದಲ್ಲಿ ಬೇರೆ ಕೆಲಸ ಉಂಟು," ಎಂದು ಹಿಂದೆ ತಿರುಗಿಸಿದ. ಜನ ಗೊಣಗುತ್ತ ಗೋಣಿ ಮಡಚಿದರು. ಹಬ್ಬಕ್ಕೆ ಕೆಲವರು ಉಡುಪಿಯ ಪೇಟೆಯಿಂದ ಸುತ್ತಿದ ಕೊಟ್ಟೆಗಳನ್ನೇ ತಂದರು, ಹೆಚ್ಚಿನವರು ಲೋಟಕ್ಕೆ ಎಣ್ಣೆ ಸವರಿದರು. ಆ ದಿನ ಮನೆಗೆ ಬರುವಾಗ ದಾರಿಯಲ್ಲಿ ನಾನು ವಾರಿಜಳ ಕೈ ಹಿಡಿದೆ. ಅವಳು, "ಅನ್ನಕ್ಕೆ ಇಡಲಿಕ್ಕೆ ಹೊತ್ತಾಯ್ತು," ಎಂದು ಬಿಡಿಸಿಕೊಂಡಳು. ಸಾಕು, ಮಾತಾಡಿದಳಲ್ಲ.

ಗಟ್ಟಿಯಾದ ಎರಡು ಮರಿಗಳು ಅಷ್ಟಮಿ ಕಳೆದು ಹತ್ತು ಹನ್ನೆರಡು ದಿನಕ್ಕೆ ಹಾರಿದವು. ಮೂರನೆಯದು ಮತ್ತೂ ಒಂದು ವಾರ ನಮ್ಮನ್ನು ಕಾಯಿಸಿತು. ಒಂದು ಮಧ್ಯಾಹ್ನ ನಾಯಿಯೊಂದು ದಂಡೆಗೆ ಇಳಿದಾಗ ಅದು ಓಡಿತು, ಓಡುತ್ತ ರೆಕ್ಕೆ ಬೀಸಿತು, ಈ ಸಲ ಬೀಸಿದ್ದಕ್ಕೂ ಓಟಕ್ಕೂ ಸಂಬಂಧ ಬಂತು. ಕಾಲುಗಳನ್ನು ಕೆಳಗೆ ಜೋಲುಬಿಟ್ಟುಕೊಂಡು ಮದಗದ ಅಷ್ಟು ಅಗಲ ದಾಟಿ, ಆಚೆ ದಂಡೆಯ ಮುಂಡೇವಿನ ಮೇಲೆ ದೊಪ್ಪೆಂದು ಬಿತ್ತು. ನಾನೂ ವಾರಿಜಳೂ ಅಡಿಗೆಮನೆಯ ಕಿಟಕಿಯಲ್ಲಿ ಒಟ್ಟಿಗೆ ನಿಂತು ನೋಡಿದೆವು. ನಾನು ಅತ್ತೆ. ಡ್ರಿಲ್ ಟೀಚರ್ ಅಳಬಾರದೆಂದು ಎಲ್ಲೂ ಬರೆದಿಲ್ಲ.

ಮಾರನೆಯ ದಿನ ನಾನು ಮೊದಲ ಎಲೆ ಕೊಯ್ದೆ. ಯಾವ ಹಬ್ಬವೂ ಅಲ್ಲದ ಬುಧವಾರ ವಾರಿಜ ಮೂಡೆ ಮಾಡಿದಳು. ಎಂಟು ಮನೆಗೂ ಹೋಯಿತು. ಶೇಖರನ ಮನೆಗೆ ನಾನೇ ನಾಲ್ಕು ಕೊಂಡುಹೋದೆ. ಅವನು ನಿಂತಲ್ಲೇ ಒಂದನ್ನು ಬಿಚ್ಚಿ ತಿಂದು, ಬೆರಳು ಚೀಪಿ, "ಮಳೆ ಬಿಟ್ಟ ಮೇಲೆ ಜೆಸಿಬಿ ಬರ್ತದೆ ಟೀಚರ್. ಆಗ ಮರಿಯ ನೆಪ ಇಲ್ಲ," ಎಂದ.

"ಬರಲಿ," ಎಂದೆ. "ಮುಂದಿನ ಆಟಿಗೆ ಆ ಮರಿಗೇ ಮರಿ ಆಗ್ತದೆ. ಅದಕ್ಕೆ ಪೊದೆ ಬೇಕು."

"ಮತ್ತೆ ಅಡ್ಡ ನಿಲ್ತೀರಾ?"

ಅಜ್ಜಿ ಹೇಳಿದ ಉಳಿದದ್ದು ಈ ಅರುವತ್ತೊಂದು ವರ್ಷದಲ್ಲಿ ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ನಾನು ಅವನ ಅಂಗಳದಲ್ಲಿ ಬಿಟ್ಟಿದ್ದ ಗಂಡಸರ ಅಳತೆಯ ನನ್ನ ಚಪ್ಪಲಿಗಳನ್ನು ಮೆಟ್ಟಿಕೊಂಡು ಹೇಳಿದೆ:

"ಕಾಲು ಉಂಟಲ್ಲ ಮಾರಾಯ. ನಿಲ್ತೇನೆ."